ಎಲೆಕ್ಟ್ರಾನಿಕ್ಸ್ ಓದಿದವಳು ಸಾಲಿ ಟೀಚರ್ ಆಗಬಹುದೇ?

ಪ್ರಶ್ನೆ: ಸರ್, ನಮ್ಮದು ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ಹಳ್ಳಿ. ಎಸ್‌ಎಸ್‌ಎಲ್‌ಸಿವರೆಗೆ ಕನ್ನಡ ಮಾಧ್ಯಮ. ಈಗ ಪಿಸಿಎಂಇ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಎಲೆಕ್ಟ್ರಾನಿಕ್ಸ್) ತೆಗೆದುಕೊಂಡು ಪಿಯುಸಿ ಮುಗಿಸಿದ್ದೇನೆ. ಎಲೆಕ್ಟ್ರಾನಿಕ್ಸ್ ಅಂದ್ರೆ ಜೀವ. ಅಪ್ಪ ಮಾತ್ರ ‘ಸಾಲಿ ಟೀಚರ್ ಆಗು, ಬಿ.ಇಡಿ ಮಾಡು’ ಅಂತಾರೆ. ಕಲಿಸೋದು ನನಗೂ ಇಷ್ಟ, ಓಣಿಯ ಹುಡುಗರಿಗೆ ಟ್ಯೂಷನ್ ಹೇಳ್ತೀನಿ. ಆದರೆ ಎಲೆಕ್ಟ್ರಾನಿಕ್ಸ್ ಓದಿದರೆ ಬಿ.ಇಡಿಗೆ ಉಪಯೋಗ ಇಲ್ಲ ಅಂತ ಕೆಲವರು ಹೆದರಿಸ್ತಾರೆ. ಎರಡನ್ನೂ ಒಟ್ಟಿಗೆ ಓದಲಿಕ್ಕೆ ಬರುತ್ತದೇನು? ಕಲಬುರಗಿಯಲ್ಲೇ ಇರಲೋ, ಮೈಸೂರಿಗೆ ಹೋಗಲೋ?

ಉತ್ತರ: ಓದಲಿಕ್ಕೆ ಬರುತ್ತದೆ, ತಂಗಿ. ಒಂದೇ ಷರತ್ತು: ಗಣಿತ ಮತ್ತು ಭೌತಶಾಸ್ತ್ರವನ್ನು ಕೈಬಿಡಬೇಡ. ನಿನ್ನನ್ನು ಹೆದರಿಸಿದವರ ಮಾತಿನಲ್ಲಿ ಅರ್ಧ ನಿಜ ಇದೆ, ಹಾಗಾಗಿ ಮೊದಲು ಅದನ್ನೇ ಬಿಡಿಸಿ ಹೇಳುತ್ತೇನೆ.

ನಮ್ಮ ಪ್ರೌಢಶಾಲೆಯ ವೇಳಾಪಟ್ಟಿಯಲ್ಲಿ ಎಲೆಕ್ಟ್ರಾನಿಕ್ಸ್ ಅನ್ನುವ ಪಿರಿಯಡ್ ಇಲ್ಲ. ಇರುವುದು ಗಣಿತ ಮತ್ತು ವಿಜ್ಞಾನ. ಅದಕ್ಕೇ ಬಿ.ಇಡಿಯಲ್ಲೂ ಎಲೆಕ್ಟ್ರಾನಿಕ್ಸ್ ಬೋಧನಾ ಪದ್ಧತಿ ಅಂತ ಪ್ರತ್ಯೇಕ ವಿಷಯ ಸಿಗುವುದಿಲ್ಲ. ಅಲ್ಲಿ ನೀನು ಗಣಿತ ಮತ್ತು ಭೌತವಿಜ್ಞಾನದ ಪದ್ಧತಿಗಳನ್ನು ಆರಿಸಿಕೊಳ್ಳಬೇಕು. ಪದವಿಯಲ್ಲಿ ಆ ಎರಡನ್ನು ಓದಿರದಿದ್ದರೆ ಬಿ.ಇಡಿ ಅರ್ಜಿ ತುಂಬುವಾಗಲೇ ಎಡವುತ್ತೀಯ. ಬಿ.ಇಡಿ ಹೇಗೋ ದಾಟಿದರೂ ಮುಂದೆ ನೇಮಕಾತಿಯಲ್ಲಿ ಪದವಿಯ ಐಚ್ಛಿಕ ವಿಷಯ ಯಾವುದು ಅಂತ ಮತ್ತೆ ಕೇಳುತ್ತಾರೆ. ಭೌತಶಾಸ್ತ್ರ, ಗಣಿತ, ಎಲೆಕ್ಟ್ರಾನಿಕ್ಸ್ ಮೂರೂ ಇರುವ ಬಿ.ಎಸ್ಸಿ ತೆಗೆದುಕೊಂಡರೆ ಈ ಭಯ ಬಹುಮಟ್ಟಿಗೆ ಇಲ್ಲ. ಎಲೆಕ್ಟ್ರಾನಿಕ್ಸ್, ಗಣಿತ, ಕಂಪ್ಯೂಟರ್ ಸೈನ್ಸ್ ಅನ್ನುವ ಜೋಡಿಯೂ ಕೆಲವು ಕಾಲೇಜುಗಳಲ್ಲಿ ಇದೆ. ಅದು ಸಾಫ್ಟ್‌ವೇರ್ ಕಡೆ ಹೋಗುವವರಿಗೆ ಸರಿ. ಸಾಲಿಯಲ್ಲಿ ಕಲಿಸುವ ಮನಸ್ಸಿರುವ ನಿನಗೆ ಅದು ಬೇಡ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. 2021–22ರಿಂದ ಮೂರು ವರ್ಷ ನಮ್ಮ ರಾಜ್ಯದ ಪದವಿಯಲ್ಲಿ ಮೂರು ವಿಷಯದ ಬದಲು ಎರಡೇ ಪ್ರಧಾನ ವಿಷಯ ಆರಿಸುವ ಪದ್ಧತಿ ಬಂತು. ಆಗ ಬಂದ ಹುಡುಗರಲ್ಲಿ ಒಬ್ಬ ನನಗೆ ಚೆನ್ನಾಗಿ ಪರಿಚಯ. ಸುರಪುರದ ಕಡೆಯವನು, ಕೈ ಬಹಳ ಚುರುಕು. ಇಷ್ಟ ಅಂತ ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಎರಡನ್ನೇ ತೆಗೆದುಕೊಂಡ. ಪದವಿ ಮುಗಿದ ಮೇಲೆ ಬಿ.ಇಡಿ ಮಾಡುವ ಆಸೆಯಾಯಿತು. ಅಂಕಪಟ್ಟಿ ಹಿಡಿದು ದಾಖಲಾತಿ ಪರಿಶೀಲನೆಗೆ ಹೋದರೆ, ಯಾವ ಪದ್ಧತಿಯಲ್ಲಿ ಕೂಡಿಸುವುದು ಅನ್ನುವುದೇ ಅಲ್ಲಿ ಪ್ರಶ್ನೆಯಾಯಿತು. ಆ ವರ್ಷ ಅವನಿಗೆ ಸೀಟು ಸಿಗಲಿಲ್ಲ. ಕಾಲೇಜು ಸೇರುವ ದಿನ ಯಾರಾದರೂ ಅವನನ್ನು ಹತ್ತು ನಿಮಿಷ ಕೂಡಿಸಿಕೊಂಡು ಇದನ್ನು ಹೇಳಿದ್ದರೆ ಸಾಕಿತ್ತು. 2024–25ರಿಂದ ಮತ್ತೆ ಮೂರು ವರ್ಷದ ಪದವಿ, ಮೂರು ವಿಷಯ ಬಂದಿದೆ. ನಿನ್ನ ಮಟ್ಟಿಗೆ ಅದು ಒಳ್ಳೆಯದೇ ಆಯಿತು.

ಇನ್ನು ‘ಒಟ್ಟಿಗೆ’ ಅನ್ನುವ ಮಾತು. ಒಂದೇ ಕಾಲಕ್ಕೆ ಎರಡು ಪದವಿ ಓದಲಿಕ್ಕೆ ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2022ರಲ್ಲಿ ಅವಕಾಶ ಕೊಟ್ಟಿದೆ ಅಂತ ಕೇಳಿರಬಹುದು. ಕೊಟ್ಟಿರುವುದು ನಿಜ. ಆದರೆ ಎರಡು ವರ್ಷದ ಬಿ.ಇಡಿಗೆ ಸೇರಲು ಪದವಿ ಪಾಸಾಗಿರಲೇಬೇಕು. ಸಾಮಾನ್ಯ ವರ್ಗಕ್ಕೆ ಶೇ 50 ಅಂಕ ಬೇಕು, ಮೀಸಲಾತಿಯವರಿಗೆ ರಿಯಾಯಿತಿ ಉಂಟು. ಹಾಗಾಗಿ ಬಿ.ಎಸ್ಸಿ ಓದುತ್ತಾ ಪಕ್ಕದಲ್ಲಿ ಬಿ.ಇಡಿ ಮಾಡುವುದು ಆಗದ ಮಾತು. ಎಂ.ಎಸ್ಸಿ ಜೊತೆ ಮಾಡಬಹುದಲ್ಲ ಅನ್ನುತ್ತೀಯಾ? ಶಿಕ್ಷಕರ ಶಿಕ್ಷಣದ ರಾಷ್ಟ್ರೀಯ ಪರಿಷತ್ತು, ಅಂದರೆ ಎನ್‌ಸಿಟಿಇ, ಬಿ.ಇಡಿ ತರಗತಿಗಳಿಗೆ ಶೇ 80 ಮತ್ತು ಶಾಲಾ ಇಂಟರ್ನ್‌ಶಿಪ್‌ಗೆ ಶೇ 90 ಹಾಜರಾತಿ ಕೇಳುತ್ತದೆ. ವಾರಕ್ಕೆ 36 ಗಂಟೆ ಕಾಲೇಜಿನಲ್ಲಿರಬೇಕು. ಎಂ.ಎಸ್ಸಿಯ ಪ್ರಯೋಗಾಲಯವನ್ನೂ ಇದನ್ನೂ ಒಬ್ಬಳೇ ಹೇಗೆ ಹೊರುತ್ತೀಯ? ಹಾಜರಾತಿಯನ್ನು ನಾವು ನೋಡಿಕೊಳ್ಳುತ್ತೇವೆ ಅಂತ ಹೇಳಿ ದುಡ್ಡು ಕೇಳುವವರು ಸಿಗುತ್ತಾರೆ. ಅವರ ಬಾಗಿಲಿಗೆ ಹೋಗಬೇಡ. ತರಗತಿಯಲ್ಲಿ ನಿಲ್ಲದೆ ಬಿ.ಇಡಿ ಪಡೆದವರು ಮೊದಲ ದಿನ 60 ಮಕ್ಕಳ ಮುಂದೆ ನಿಂತು ಬೆವರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದರ ನಷ್ಟ ಆ ಮಕ್ಕಳಿಗೆ.

ಹಾಗಾದರೆ ದಾರಿ ಯಾವುದು? ನೇರ ದಾರಿ ಅಂದರೆ ಮೂರು ವರ್ಷ ಬಿ.ಎಸ್ಸಿ, ಎರಡು ವರ್ಷ ಬಿ.ಇಡಿ, ಒಟ್ಟು ಐದು. ಇನ್ನೊಂದು, ಪಿಯುಸಿ ಆದ ಕೂಡಲೇ ಪದವಿಯನ್ನೂ ಬಿ.ಇಡಿಯನ್ನೂ ಕೂಡಿಸಿದ ನಾಲ್ಕು ವರ್ಷದ ಸಂಯೋಜಿತ ಕೋರ್ಸು. ಇದಕ್ಕೆ ಈಗ ಐಟಿಇಪಿ ಅನ್ನುತ್ತಾರೆ. 2023ರಲ್ಲಿ ಶುರುವಾಯಿತು, ರಾಷ್ಟ್ರೀಯ ಪರೀಕ್ಷಾ ಸಂಸ್ಥೆ (ಎನ್‌ಟಿಎ) ನಡೆಸುವ ಎನ್‌ಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ನೀನು ಮೈಸೂರು ಅಂದದ್ದು ಬಹುಶಃ ಮಾನಸಗಂಗೋತ್ರಿಯ ಪ್ರಾದೇಶಿಕ ಶಿಕ್ಷಣ ಸಂಸ್ಥೆಯನ್ನು ನೆನೆದು. 1963ರಿಂದ ಇರುವ ಸಂಸ್ಥೆ ಅದು. ಪದವಿಯನ್ನೂ ಶಿಕ್ಷಕ ತರಬೇತಿಯನ್ನೂ ಕೂಡಿಸಿ ಕಲಿಸುವುದರಲ್ಲಿ ನಮ್ಮ ರಾಜ್ಯದಲ್ಲಿ ಅದಕ್ಕೆ ದೊಡ್ಡ ಹೆಸರು. ಒಂದು ವರ್ಷ ಉಳಿಯುತ್ತದೆ, ಬೋಧನೆಯನ್ನು ಮೊದಲ ವರ್ಷದಿಂದಲೇ ನೋಡುತ್ತೀಯ. ಆದರೆ ಅಲ್ಲಿಯ ವಿಜ್ಞಾನದ ಮುಖ್ಯ ಜೋಡಿಗಳು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಅಥವಾ ರಸಾಯನ, ಸಸ್ಯ, ಪ್ರಾಣಿಶಾಸ್ತ್ರ. ಎಲೆಕ್ಟ್ರಾನಿಕ್ಸ್ ‘ಜೀವ’ ಅಂದೆಯಲ್ಲ, ಆ ಜೀವವನ್ನು ಅಲ್ಲಿ ನೀನೇ ಹೊತ್ತಲ್ಲದ ಹೊತ್ತಿನಲ್ಲಿ ಸಾಕಿಕೊಳ್ಳಬೇಕಾಗುತ್ತದೆ.

ನನ್ನನ್ನು ಕೇಳಿದರೆ ನಿನಗೆ ಮೊದಲ ದಾರಿಯೇ ಸರಿ, ಅದೂ ಕಲಬುರಗಿಯಲ್ಲಿ. 1980ರಲ್ಲಿ ಸ್ವತಂತ್ರವಾದ ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣದಲ್ಲಿ ಅನ್ವಯಿಕ ಎಲೆಕ್ಟ್ರಾನಿಕ್ಸ್ ವಿಭಾಗವೇ ಇದೆ. ಬಿ.ಎಸ್ಸಿ ಓದುವಾಗಲೇ ಅಲ್ಲಿಯ ಹಿರಿಯ ವಿದ್ಯಾರ್ಥಿಗಳ ಪರಿಚಯ ಮಾಡಿಕೋ. ಊರಿನ ಜಿಲ್ಲಾ ವಿಜ್ಞಾನ ಕೇಂದ್ರಕ್ಕೆ ಭಾನುವಾರ ಹೋಗಿ ಒಂದು ಮೂಲೆಯಲ್ಲಿ ನಿಲ್ಲು. ಪ್ರದರ್ಶನ ವಸ್ತುವಿನ ಗುಂಡಿ ಒತ್ತಿದ ಮಗು ಪಕ್ಕದ ಮಗುವಿಗೆ ಏನು ವಿವರಿಸುತ್ತದೆ ಅನ್ನುವುದನ್ನು ಸುಮ್ಮನೆ ಕೇಳು. ನನ್ನ ಬಿ.ಇಡಿ ದಿನಗಳಲ್ಲಿ ಯಾವ ಪುಸ್ತಕವೂ ಹೇಳದ್ದನ್ನು ನಾನು ಹಾಗೆ ಕೇಳಿ ತಿಳಿದುಕೊಂಡೆ.

ಈಗ ನಿನ್ನ ಪ್ರಶ್ನೆಯ ಒಳಗಿರುವ ಪ್ರಶ್ನೆಗೆ ಬರುತ್ತೇನೆ. ಹೈಸ್ಕೂಲಿನಲ್ಲಿ ಪಿರಿಯಡ್ಡೇ ಇಲ್ಲದ ವಿಷಯವನ್ನು ಮೂರು ವರ್ಷ ಯಾಕೆ ಓದಬೇಕು? ನನ್ನ ಉತ್ತರ ಇಷ್ಟೇ: ಎಲೆಕ್ಟ್ರಾನಿಕ್ಸ್ ಓದಿದ ಕೈ ಫಾಲ್ಟ್ ಹುಡುಕುವುದನ್ನು ಕಲಿತಿರುತ್ತದೆ. ಮಕ್ಕಳಿಗೆ ಕಲಿಸುವವರಿಗೆ ಅದಕ್ಕಿಂತ ಹೆಚ್ಚು ಬೇಕಾದ ವಿದ್ಯೆ ಇನ್ನೊಂದಿಲ್ಲ ಅಂತ ಮೂವತ್ತು ವರ್ಷದ ಮೇಲೂ ನಂಬಿದ್ದೇನೆ.

ಬಿ.ಎಸ್ಸಿ ಪ್ರಯೋಗಾಲಯದಲ್ಲಿ ನೀನು ಒಂದು ಪವರ್ ಸಪ್ಲೈ ಕಟ್ಟುತ್ತೀಯ. ಟ್ರಾನ್ಸ್‌ಫಾರ್ಮರಿನಿಂದ 12 ವೋಲ್ಟ್ ಎಸಿ, ನಾಲ್ಕು ಡಯೋಡುಗಳ ಬ್ರಿಡ್ಜ್, ದೊಡ್ಡ ಕೆಪ್ಯಾಸಿಟರ್, ಕೊನೆಗೆ ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ 7805 ಐಸಿ, ಅದರಿಂದ 5 ವೋಲ್ಟ್. ಕಟ್ಟಿದ್ದಾಯಿತು, ಆದರೆ ಔಟ್‌ಪುಟ್ ಸೊನ್ನೆ. ಹೊಸಬರು ಏನು ಮಾಡುತ್ತಾರೆ ಗೊತ್ತೇ? ಐಸಿ ಕಿತ್ತು ಇನ್ನೊಂದು ಹಾಕುತ್ತಾರೆ. ಆಗಲೂ ಬರಲಿಲ್ಲ ಅಂದರೆ ಮತ್ತೊಂದು. ಪಳಗಿದವರು ಯಾವುದನ್ನೂ ಕೀಳುವುದಿಲ್ಲ. ಮಲ್ಟಿಮೀಟರ್ ತೆಗೆದು ನಡುಮಧ್ಯಕ್ಕೆ, ಕೆಪ್ಯಾಸಿಟರಿನ ಎರಡು ಕಾಲಿಗೆ ಕಡ್ಡಿ ಇಡುತ್ತಾರೆ. ಅಲ್ಲಿ 15–16 ವೋಲ್ಟ್ ಇದೆಯೇ? ಇದ್ದರೆ ಹಿಂದಿನದೆಲ್ಲ ಸರಿ, ತೊಂದರೆ ಮುಂದೆ. ಇಲ್ಲವೇ? ಹಾಗಾದರೆ ಐಸಿಯ ತಪ್ಪಿಲ್ಲ, ಹಿಂದಕ್ಕೆ ಹೋಗು. ಒಂದೇ ಅಳತೆಯಲ್ಲಿ ಅರ್ಧ ಸರ್ಕ್ಯೂಟ್ ಅನುಮಾನದಿಂದ ಹೊರಗೆ ಹೋಯಿತು. ಎರಡು–ಮೂರು ಸಲ ಹೀಗೆ ಅರ್ಧ ಮಾಡುತ್ತ ಬಂದರೆ ತಪ್ಪು ತಾನಾಗಿ ಕೈಗೆ ಸಿಗುತ್ತದೆ.

ಹತ್ತನೇ ತರಗತಿಗೆ ಹೋಗಿ ಇದನ್ನೇ ಮಾಡು. ಎರಡು ಟಾರ್ಚ್ ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿ, ಯಾವುದು ಹೆಚ್ಚು ಬೆಳಗುತ್ತದೆ ಅಂತ ಸೆಲ್ ಜೋಡಿಸುವ ಮೊದಲೇ ಕೇಳು. ಬಹಳ ಮಕ್ಕಳು ‘ಮೊದಲನೇದು’ ಅನ್ನುತ್ತಾರೆ. ಇಲ್ಲಿ ‘ತಪ್ಪು, ಕೂಡು’ ಅಂದುಬಿಡುವುದು ಐಸಿ ಕಿತ್ತು ಹಾಕಿದ ಹಾಗೆ. ಬದಲಿಗೆ ‘ಯಾಕೆ?’ ಅಂತ ಒಂದೇ ಒಂದು ಅಳತೆ ತೆಗೆ. ‘ಸರ್, ಮೊದಲನೇ ಬಲ್ಬು ಅರ್ಧ ಕರೆಂಟ್ ತಿಂದುಬಿಡ್ತದ, ಉಳಿದಿದ್ದು ಎರಡನೇದಕ್ಕೆ ಹೋಗ್ತದ’ ಅಂತ ನಮ್ಮ ಹುಡುಗನೊಬ್ಬ ಹೇಳಿದ್ದ. ಎಷ್ಟು ಸ್ಪಷ್ಟವಾಗಿ ಹೇಳಿದ ನೋಡು! ಓಮ್‌ನ ನಿಯಮ ಅವನಿಗೆ ಬಾಯಿಪಾಠ ಇತ್ತು. ಲೆಕ್ಕವೂ ಬರುತ್ತಿತ್ತು. ಫಾಲ್ಟ್ ಇದ್ದದ್ದು ಅದಕ್ಕಿಂತ ಹಿಂದೆ, ಕರೆಂಟ್ ಖರ್ಚಾಗುವ ವಸ್ತು ಅನ್ನುವ ತಿಳಿವಳಿಕೆಯಲ್ಲಿ. ಆಮ್ಮೀಟರನ್ನು ಮೊದಲ ಬಲ್ಬಿನ ಹಿಂದೆ, ಎರಡರ ನಡುವೆ, ಎರಡನೆಯದರ ಮುಂದೆ ಇಟ್ಟು ಅವನಿಂದಲೇ ಓದಿಸಿದೆ. ಮೂರು ಕಡೆಯೂ ಒಂದೇ ಅಂಕಿ. ಅವನು ಮೀಟರ್ ಕೆಟ್ಟಿರಬೇಕು ಅಂದ. ಬೇರೆ ಮೀಟರ್ ಕೊಟ್ಟೆ. ಅದೂ ಅದೇ ತೋರಿಸಿದಾಗ ಸುಮ್ಮನೆ ನಿಂತ. ‘ಹಂಗಾರ ಬಲ್ಬು ತಿನ್ನೋದು ಏನು ಸರ್?’ ಅಂತ ಕೇಳಿದ. ಶಕ್ತಿಯ ಪಾಠ ಆ ಪ್ರಶ್ನೆಯಿಂದ ಶುರುವಾಯಿತು, ನಾನು ಹಲಗೆಯ ಮೇಲೆ ಶೀರ್ಷಿಕೆ ಬರೆಯುವ ಮೊದಲೇ.

ಇನ್ನೊಂದು ಪ್ರಯೋಗ ಹೇಳುತ್ತೇನೆ. ಇದನ್ನು ನೀನು ಈ ವಾರವೇ ಮನೆಯಲ್ಲಿ ಮಾಡಬಹುದು. ಹಳೇ ಕಾಲದ 60 ವ್ಯಾಟಿನ ತಂತಿ ಬಲ್ಬು ಕಿರಾಣಿ ಅಂಗಡಿಯಲ್ಲಿ ಇನ್ನೂ ಸಿಗುತ್ತದೆ. ಹತ್ತನೇ ತರಗತಿಯ ಸೂತ್ರದಿಂದ ಅದರ ರೋಧ ಲೆಕ್ಕ ಹಾಕು: 230ರ ವರ್ಗ 52,900, ಅದನ್ನು 60ರಿಂದ ಭಾಗಿಸಿದರೆ ಸುಮಾರು 882 ಓಮ್. ಈಗ ಬಲ್ಬನ್ನು ಹೋಲ್ಡರಿಗೆ ಹಾಕದೆ, ಕೈಯಲ್ಲಿ ಹಿಡಿದು, ಮಲ್ಟಿಮೀಟರಿನಲ್ಲಿ ಅಳೆ. 60–70 ಓಮ್ ಆಸುಪಾಸು ತೋರಿಸುತ್ತದೆ. ಮೊದಲ ಸಲ ಇದನ್ನು ಕಂಡ ಬಿ.ಇಡಿ ಪ್ರಶಿಕ್ಷಣಾರ್ಥಿಗಳಲ್ಲಿ ಹೆಚ್ಚಿನವರು ಸೂತ್ರ ತಪ್ಪು ಅಥವಾ ಮೀಟರ್ ತಪ್ಪು ಅನ್ನುತ್ತಾರೆ. ಎರಡೂ ಸರಿ. ಬಲ್ಬು ಉರಿಯುವಾಗ ಟಂಗ್‌ಸ್ಟನ್ ತಂತಿ 2500 ಡಿಗ್ರಿ ಸೆಲ್ಸಿಯಸ್ ಹತ್ತಿರ ಕಾಯುತ್ತದೆ, ಆಗ ಅದರ ರೋಧ ಹತ್ತು–ಹದಿನೈದು ಪಟ್ಟು ಏರುತ್ತದೆ. ತಣ್ಣಗಿದ್ದಾಗ ರೋಧ ಕಡಿಮೆ, ಆದ್ದರಿಂದ ಸ್ವಿಚ್ ಒತ್ತಿದ ಕ್ಷಣ ಒಮ್ಮೆಗೇ ಹೆಚ್ಚು ಕರೆಂಟ್ ನುಗ್ಗುತ್ತದೆ. ಬಲ್ಬು ಸ್ವಿಚ್ ಹಾಕುವಾಗಲೇ ‘ಟಪ್’ ಅಂತ ಯಾಕೆ ಹೋಗುತ್ತದೆ ಅಂತ ನಿಮ್ಮ ಮನೆಯ ಅಜ್ಜಿಗೂ ಅನುಮಾನ ಇರುತ್ತದೆ. ಉತ್ತರ ಇದೇ. ಓಮ್‌ನ ನಿಯಮದ ಕೊನೆಯಲ್ಲಿ ‘ತಾಪ ಸ್ಥಿರವಾಗಿದ್ದಾಗ’ ಅಂತ ಇರುವ ಎರಡು ಪದಗಳನ್ನು ಮಕ್ಕಳು ಪರೀಕ್ಷೆಯಲ್ಲಿ ಬಿಟ್ಟುಬಿಡುತ್ತಾರೆ. ಈ ಬಲ್ಬನ್ನು ಅಳೆದ ಮಗು ಬಿಡುವುದಿಲ್ಲ.

ಎಂಟನೇ ತರಗತಿಯಲ್ಲಿ ವಿದ್ಯುತ್ ಪ್ರವಾಹದ ರಾಸಾಯನಿಕ ಪರಿಣಾಮದ ಪಾಠದಲ್ಲಿ ಎಲ್‌ಇಡಿ ಬರುತ್ತದೆ. ಬಲ್ಬು ಉರಿಯದಷ್ಟು ಸಣ್ಣ ಪ್ರವಾಹವನ್ನೂ ಅದು ತೋರಿಸುತ್ತದೆ ಅಂತ ಅಲ್ಲಿ ಹೇಳಿದ್ದಾರೆ. ನಾನು ಬಿ.ಇಡಿ ಮುಗಿಸಿ ಮೊದಲು ಸೇರಿದ್ದು ಚಿಂಚೋಳಿ ಕಡೆಯ ಒಂದು ಪ್ರೌಢಶಾಲೆ. ಅಲ್ಲಿ ಒಬ್ಬ ಹುಡುಗಿ ಎಲ್‌ಇಡಿಯನ್ನು ನೇರ 9 ವೋಲ್ಟ್ ಬ್ಯಾಟರಿಗೆ ಮುಟ್ಟಿಸಿದಳು. ಒಮ್ಮೆ ಜೋರಾಗಿ ಬೆಳಗಿ ಆರಿಹೋಯಿತು. ಅವಳು ಅಳುವ ಹಾಗಾದಳು, ಸಾಲಿಯ ಸಾಮಾನು ಹಾಳು ಮಾಡಿದೆ ಅಂತ. ಅವಳನ್ನೇ ಹಲಗೆಗೆ ಕರೆದು ಲೆಕ್ಕ ಮಾಡಿಸಿದೆ. ಕೆಂಪು ಎಲ್‌ಇಡಿಗೆ ಬೇಕಾದದ್ದು 2 ವೋಲ್ಟ್. 9ರಲ್ಲಿ ಉಳಿದ 7 ವೋಲ್ಟನ್ನು ಯಾರಾದರೂ ಹೊರಬೇಕು. ಹೊರಲಿಕ್ಕೆ 470 ಓಮಿನ ರೋಧಕ ಇಟ್ಟರೆ ಪ್ರವಾಹ 15 ಮಿಲಿಆಂಪಿಯರ್, ಎಲ್‌ಇಡಿಗೆ ಹಿತ. ಡಬ್ಬಿಯಿಂದ ಹಳದಿ, ನೇರಳೆ, ಕಂದು ಪಟ್ಟಿಯ ರೋಧಕ ಹುಡುಕಿ ತಂದಳು. ಉದ್ದ ಕಾಲು ಧನಕ್ಕೆ, ಗಿಡ್ಡ ಕಾಲು ಋಣಕ್ಕೆ ಅಂತ ಜೋಡಿಸಿದಳು. ಎಲ್‌ಇಡಿ ಹತ್ತಿ ಹಾಗೇ ಉರಿಯುತ್ತ ಇತ್ತು. ಬರೀ ಬಿ.ಎಸ್ಸಿ ಪಿಸಿಎಂ ಓದಿದ್ದರೆ ನನಗೂ ಆ ಲೆಕ್ಕ ಗೊತ್ತಿರುತ್ತಿತ್ತು. ಆದರೆ ಸುಟ್ಟ ಎಲ್‌ಇಡಿ ಕಂಡಾಗ ಸಿಟ್ಟು ಬರುತ್ತಿತ್ತೋ ಏನೋ. ಪ್ರಯೋಗಾಲಯದಲ್ಲಿ ನಾನೇ ಹತ್ತಾರು ಸುಟ್ಟಿದ್ದರಿಂದ ಅದು ಪಾಠದ ಒಂದು ಭಾಗ ಅಂತ ನನಗೆ ಗೊತ್ತಿತ್ತು.

ಹೀಗಾಗಿ ಬಿ.ಎಸ್ಸಿಯ ಮೊದಲ ದಿನದಿಂದ ಒಂದು ಅಭ್ಯಾಸ ಇಟ್ಟುಕೋ. ಪ್ರಯೋಗದ ರೆಕಾರ್ಡ್ ಬರೆಯುವುದು ಕಾಲೇಜಿಗೆ. ಅದರ ಹೊರತಾಗಿ ನಿನಗಾಗಿ ಒಂದು ನೂರು ಪುಟದ ನೋಟ್‌ಬುಕ್ ಇರಲಿ. ಎಡಪುಟದಲ್ಲಿ ಅವತ್ತು ಕಟ್ಟಿದ ಸರ್ಕ್ಯೂಟ್, ಎಲ್ಲಿ ತಪ್ಪಾಯಿತು, ಹೇಗೆ ಸಿಕ್ಕಿತು. ಬಲಪುಟದಲ್ಲಿ ಇದನ್ನು ನಿನ್ನ ಟ್ಯೂಷನ್ನಿನ ಒಂಬತ್ತನೇ ಕ್ಲಾಸಿನ ಹುಡುಗನಿಗೆ ಹೇಗೆ ಹೇಳುತ್ತೀಯ ಅನ್ನುವುದು, ಕನ್ನಡದಲ್ಲಿ. ಬಲಪುಟ ತುಂಬದಿದ್ದರೆ ಎಡಪುಟ ನಿನಗೇ ಪೂರ್ತಿ ತಿಳಿದಿಲ್ಲ ಅಂತ ಲೆಕ್ಕ.

ಕನ್ನಡದಲ್ಲಿ ಅಂತ ಯಾಕೆ ಅಂದೆ? ಪಿಯುಸಿಗೆ ಬಂದಾಗ ಇಂಗ್ಲಿಷಿನ ಹೊಳೆ ಈಜಿ ಬಂದವಳು ನೀನು. ಬಿ.ಎಸ್ಸಿಯಲ್ಲಿ ಅದು ಇನ್ನೂ ಆಳ. ಈಜುತ್ತೀಯ, ನನಗೆ ಅನುಮಾನ ಇಲ್ಲ. ಕಷ್ಟ ಬರುವುದು ಐದು ವರ್ಷದ ಮೇಲೆ, ಇಂಟರ್ನ್‌ಶಿಪ್ಪಿನಲ್ಲಿ ಹಳ್ಳಿ ಸಾಲಿಗೆ ಹೋದಾಗ. ‘ಪೊಟೆನ್ಷಿಯಲ್ ಡಿಫರೆನ್ಸ್’ ಅನ್ನುವ ಬಾಯಿಗೆ ‘ವಿಭವಾಂತರ’ ಬರುವುದಿಲ್ಲ. ಬಂದರೂ ಅದು ಮಕ್ಕಳಿಗೆ ಇಂಗ್ಲಿಷಿನಷ್ಟೇ ದೂರ. ರೋಧ, ರೋಧಶೀಲತೆ, ಧಾರಕ, ಅರೆವಾಹಕ ಇವು ಪುಸ್ತಕದ ಪದಗಳು, ಪರೀಕ್ಷೆಗೆ ಬೇಕು. ಹಳ್ಳಿಯಲ್ಲಿ ಇದೇ ವಸ್ತುಗಳಿಗೆ ಬೇರೆ ಹೆಸರಿವೆ. ಧಾರಕ ಅಂದರೆ ಕಣ್ಣು ಬಿಡುವ ಹುಡುಗನಿಗೆ ಕಂಡೆನ್ಸರ್ ಚೆನ್ನಾಗಿ ಗೊತ್ತು. ಫ್ಯಾನ್ ನಿಧಾನ ತಿರುಗಿದರೆ ಎರಡೂವರೆಯ ಕಂಡೆನ್ಸರ್ ತಂದು ಹಾಕಬೇಕು ಅಂತ ಅವನೇ ಅಂಗಡಿಗೆ ಓಡಿರುತ್ತಾನೆ. ಅದು ಎರಡೂವರೆ ಮೈಕ್ರೋಫ್ಯಾರಡ್ ಅಂತ ಮಾತ್ರ ಗೊತ್ತಿರುವುದಿಲ್ಲ. ಹೊಲದಲ್ಲಿ ಮೂರು ಫೇಸಿನಲ್ಲಿ ಒಂದು ಹೋದಾಗ ಮೋಟಾರ್ ‘ಗುಂಯ್’ ಅಂತ ಗುಂಯ್‌ಗುಟ್ಟಿ, ತಿರುಗದೆ, ಕಾದು, ಸುಟ್ಟಿದ್ದನ್ನೂ ಅವನು ನೋಡಿದ್ದಾನೆ. ಸುಟ್ಟ ವೈಂಡಿಂಗಿನ ವಾಸನೆ ಅವನಿಗೆ ಗೊತ್ತು, ರಿವೈಂಡಿಂಗಿಗೆ ಅಪ್ಪ ಸಾಲ ಮಾಡಿದ್ದೂ ಗೊತ್ತು. ವಿದ್ಯುತ್ತಿನ ಉಷ್ಣ ಪರಿಣಾಮದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ಎಲ್ಲಿಂದ ತರುತ್ತೀಯ? ಬೀದರ್ ಸಾಲಿಯಲ್ಲಿ ಕಲಿಸುವ ಒಬ್ಬರಿಗೆ ನಾನು ಹೇಳಿದ್ದೆ, ರೋಧಶೀಲತೆಯ ಪಟ್ಟಿಯಲ್ಲಿ ಮೊದಲ ಹೆಸರು ಬೆಳ್ಳಿ, ನಿಮ್ಮ ಬಿದರಿ ಕೆಲಸದವರು ಕರಿ ಲೋಹದಲ್ಲಿ ಕೂಡಿಸುವ ತಂತಿಯೂ ಬೆಳ್ಳಿ, ಪಾಠ ಅಲ್ಲಿಂದಲೇ ಹಿಡಿಯಿರಿ ಅಂತ. ಬೀದರ್, ಕಲಬುರಗಿ, ಯಾದಗಿರಿ, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಒಂದೇ ತರಗತಿಯಲ್ಲಿ ಮನೆಮಾತು ದಖ್ಖನಿ ಉರ್ದು, ಮರಾಠಿ, ತೆಲುಗು, ಲಂಬಾಣಿ ಇರುವ ಮಕ್ಕಳು ಕೂತಿರುತ್ತಾರೆ. ಅಲ್ಲಿ ವಸ್ತುವನ್ನು ಕೈಗೆ ಕೊಟ್ಟು ಮಾತು ಶುರುಮಾಡುವ ಟೀಚರಿಗೆ ಬಹಳ ಅನುಕೂಲ.

ಬಿ.ಇಡಿಗೆ ಹೋದ ಮೇಲೆ ನಿನಗೆ ಬೇಸರ ತರಿಸುವ ಭಾಗಗಳೂ ಇವೆ, ಈಗಲೇ ಹೇಳಿಬಿಡುತ್ತೇನೆ. ಕಡತ ಬರೆಯುವುದು ಬಹಳ. ಮನೋವಿಜ್ಞಾನ, ಸಮಾಜ ಮತ್ತು ಶಿಕ್ಷಣ ಅಂತ ಓದುವಾಗ ಸರ್ಕ್ಯೂಟ್ ಹಿಡಿದ ಕೈಗೆ ಏನೂ ಸಿಕ್ಕದ ಹಾಗೆ ಅನ್ನಿಸುತ್ತದೆ. ತಾಳ್ಮೆ ಇರಲಿ. ಸೂಕ್ಷ್ಮಬೋಧನೆ ಬಂದಾಗ ನಿನಗೆ ಇಷ್ಟವಾಗುತ್ತದೆ. ಐದಾರು ನಿಮಿಷ, ಬೆರಳೆಣಿಕೆಯ ವಿದ್ಯಾರ್ಥಿಗಳು, ಒಂದೇ ಕೌಶಲ: ಪ್ರಶ್ನೆ ಕೇಳುವುದು ಮಾತ್ರ, ಅಥವಾ ಪುನರ್ಬಲನ (ಉತ್ತರ ಹೇಳಿದ ಮಗುವನ್ನು ಹುರಿದುಂಬಿಸುವುದು) ಮಾತ್ರ. ತಪ್ಪು ಹೇಳಿಸಿಕೊಂಡು ಮತ್ತೆ ಮಾಡುವುದು. ಇಡೀ ರೇಡಿಯೋ ಒಮ್ಮೆಗೇ ಕಟ್ಟದೆ ಆಂಪ್ಲಿಫಯರ್ ಭಾಗವನ್ನಷ್ಟೇ ಕಟ್ಟಿ ಪರೀಕ್ಷಿಸಿದ ಹಾಗೆ. 1963ರ ಹೊತ್ತಿಗೆ ಸ್ಟ್ಯಾನ್‌ಫರ್ಡ್‌ನಲ್ಲಿ ಹುಟ್ಟಿದ ಈ ಪದ್ಧತಿಯನ್ನು ಈಗ ಕೆಲವು ಕಡೆ ಸಹಿಗಾಗಿ ಮುಗಿಸುತ್ತಾರೆ. ನೀನು ಹಾಗೆ ಮಾಡಬೇಡ. ಇನ್ನು ಇಂಟರ್ನ್‌ಶಿಪ್ ಎರಡು ವರ್ಷದಲ್ಲಿ ಒಟ್ಟು 20 ವಾರ. ಹೋಗುವ ಸಾಲಿಗೆ ಒಂದು ಚೀಲ ಸಾಮಾನು ತೆಗೆದುಕೊಂಡು ಹೋಗು. ಬ್ರೆಡ್‌ಬೋರ್ಡ್, ಎಲ್‌ಇಡಿ, ರೋಧಕ, ಟಾರ್ಚ್ ಬಲ್ಬು, ಸೆಲ್ಲು, ಮಲ್ಟಿಮೀಟರ್, ಅಷ್ಟು ಸಾಕು. ಸೆಲ್ಲಿನಿಂದ ನಡೆಯುವ ಪ್ರಯೋಗ ಮಾತ್ರ. ಮಕ್ಕಳ ಮುಂದೆ 230 ವೋಲ್ಟನ್ನು ಬಿಚ್ಚಿ ತೋರಿಸುವ ಧೈರ್ಯ ಎಂದಿಗೂ ಬೇಡ. ನೀನು ಮಾಡಿದ್ದನ್ನು ಮನೆಗೆ ಹೋಗಿ ಒಬ್ಬ ಮಗು ಮಾಡಿಯೇ ಮಾಡುತ್ತದೆ.

ಅಪ್ಪಾಜಿಗೆ ಹೇಳಬೇಕಾದ ಲೆಕ್ಕ ಬೇರೆ, ಅದು ಕೆಲಸದ್ದು. ಬಿ.ಎಸ್ಸಿ, ಬಿ.ಇಡಿ ಆದ ಮೇಲೆ 6ರಿಂದ 8ನೇ ತರಗತಿಯ ಪದವೀಧರ ಶಿಕ್ಷಕರ ಹುದ್ದೆಗೆ ಶಿಕ್ಷಕರ ಅರ್ಹತಾ ಪರೀಕ್ಷೆಯ, ಅಂದರೆ ಟಿಇಟಿಯ, ಎರಡನೇ ಪತ್ರಿಕೆ ಪಾಸಾಗಬೇಕು. 150 ಅಂಕ, ಅದರಲ್ಲಿ ಗಣಿತ ಮತ್ತು ವಿಜ್ಞಾನಕ್ಕೆ 60. ಸಾಮಾನ್ಯ ವರ್ಗಕ್ಕೆ ಶೇ 60 ಬೇಕು. ಒಮ್ಮೆ ಪಾಸಾದರೆ ಪ್ರಮಾಣಪತ್ರ ಜೀವನಪೂರ್ತಿ ನಡೆಯುತ್ತದೆ, ಮೊದಲಿನ ಏಳು ವರ್ಷದ ಗಡುವು ಈಗ ಇಲ್ಲ. ಪ್ರೌಢಶಾಲೆಯ ನೇಮಕಾತಿ ಬೇರೆ. ಅದರ ಅಧಿಸೂಚನೆ ಬಂದಾಗ ಐಚ್ಛಿಕ ವಿಷಯಗಳ ಸಾಲನ್ನು ಬೇರೆಯವರ ಬಾಯಿಂದ ಕೇಳದೆ ನೀನೇ ಓದು. ಪಿಯು ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಉಪನ್ಯಾಸಕಿ ಆಗಬೇಕು ಅಂದರೆ ಶೇ 55ರೊಂದಿಗೆ ಎಂ.ಎಸ್ಸಿಯೂ ಬೇಕು, ಬಿ.ಇಡಿಯೂ ಬೇಕು. ನಿನ್ನ ಎರಡೂ ಆಸೆ ಒಂದೇ ಕುರ್ಚಿಯಲ್ಲಿ ಕೂಡುವುದು ಅಲ್ಲೇ. ಆದರೆ ಎಲೆಕ್ಟ್ರಾನಿಕ್ಸ್ ಬದಲು ಜೀವಶಾಸ್ತ್ರ ಇರುವ ಪಿಸಿಎಂಬಿ ಇದ್ದಷ್ಟು ಕಾಲೇಜುಗಳಲ್ಲಿ ಪಿಸಿಎಂಇ ಇಲ್ಲ, ಹುದ್ದೆಗಳೂ ಅಷ್ಟೇ ಕಡಿಮೆ. ಅದಕ್ಕೇ ಎಂ.ಎಸ್ಸಿಗೆ ಹೋಗುವ ದಿನ ಬಂದರೆ, ಭೌತಶಾಸ್ತ್ರದಲ್ಲಿ ಎಂ.ಎಸ್ಸಿ ಮಾಡಿ ಎಲೆಕ್ಟ್ರಾನಿಕ್ಸನ್ನು ಅದರೊಳಗಿನ ವಿಶೇಷ ವಿಷಯವಾಗಿ ತೆಗೆದುಕೊಳ್ಳುವುದನ್ನೂ ಯೋಚಿಸು. ಡಿಗ್ರಿ ಕಾಲೇಜಿನ ಕಡೆ ಮನಸ್ಸಾದರೆ ಬಿ.ಇಡಿ ಬೇಕಿಲ್ಲ, ನೆಟ್ ಅಥವಾ ಕೆ-ಸೆಟ್ ಅನ್ನುವ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ಎಲೆಕ್ಟ್ರಾನಿಕ್ ಸೈನ್ಸ್ ಅಂತ ಅಲ್ಲಿ ಪ್ರತ್ಯೇಕ ವಿಷಯವೇ ಇದೆ.

ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡಿಸುವ 371ಜೆ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಟ್ಟುಕೋ. ಉಪವಿಭಾಗಾಧಿಕಾರಿಗಳ ಕಚೇರಿಯಿಂದ ಕೊಡುತ್ತಾರೆ. ನಮ್ಮ ಭಾಗದ ವಿದ್ಯಾಸಂಸ್ಥೆಗಳಲ್ಲಿ ಶೇ 70 ಸೀಟು, ರಾಜ್ಯದ ಉಳಿದ ಕಡೆ ಶೇ 8 ನಮ್ಮವರಿಗೆ. ನೇಮಕಾತಿಯಲ್ಲೂ ಸ್ಥಳೀಯ ವೃಂದದ ಮೀಸಲಾತಿ ಇದೆ. ಎಷ್ಟೋ ಮಕ್ಕಳು ಅರ್ಜಿಯ ಕೊನೆಯ ವಾರ ಇದಕ್ಕಾಗಿ ಓಡಾಡಿ ದಿನ ತಪ್ಪಿಸಿಕೊಳ್ಳುತ್ತಾರೆ. ಬಿ.ಇಡಿಯ ಸರ್ಕಾರಿ ಕೋಟಾ ಸೀಟುಗಳು ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕದ ಮೂಲಕವೇ ಹೋಗುತ್ತವೆ, ಹಾಗಾಗಿ ಪದವಿಯ ಕೊನೆಯ ಸೆಮಿಸ್ಟರಿನಿಂದಲೇ ಆ ಪ್ರಕಟಣೆಯ ಮೇಲೆ ಕಣ್ಣಿರಲಿ.

ಕಾಲೇಜು ಸೇರಲಿಕ್ಕೆ ಕಲಬುರಗಿಗೆ ಬಂದ ದಿನ, ಊರಿಗೆ ಮರಳುವ ಮೊದಲು ಸೂಪರ್ ಮಾರ್ಕೆಟ್ ಕಡೆ ಹೋಗಿ ಒಂದು ಡಿಜಿಟಲ್ ಮಲ್ಟಿಮೀಟರ್ ಕೊಂಡುಕೋ. ಕೆಲವು ನೂರು ರೂಪಾಯಿಯದು ಸಾಕು. ಅಂಗಡಿಯಲ್ಲೇ ಎರಡು ಕಡ್ಡಿ ಕೂಡಿಸಿ ಬೀಪ್ ಬರುತ್ತದೆಯೇ ನೋಡು, ಬರದಿದ್ದರೆ ಬೇರೆ ಕೇಳು. ಕರೆಂಟ್ ಅಳೆಯುವ ತೂತಿನಲ್ಲಿ ಕಡ್ಡಿ ಇಟ್ಟು ವೋಲ್ಟೇಜ್ ನೋಡಲು ಹೋದರೆ ಫ್ಯೂಸ್ ಹೋಗಬಹುದು. ಹೊಸಬರಿಗೆಲ್ಲ ಒಮ್ಮೆ ಆಗುವುದೇ, ಹೆದರಬೇಡ, ಒಂದು ಫ್ಯೂಸ್ ಹೆಚ್ಚಿಗೆ ತಂದಿಟ್ಟುಕೋ. ಆ 60 ವ್ಯಾಟಿನ ಬಲ್ಬನ್ನು ಮೊದಲು ಅಪ್ಪಾಜಿಯ ಎದುರಿಗೇ ಅಳೆ. ಎಷ್ಟು ಓಮ್ ಬಂತು, ಅವರು ಏನು ಕೇಳಿದರು ಅಂತ ನನಗೆ ಬರೆ.